ಗಾಳಿ ಹಿಡಿದ ಕಾರು

ಪೆನುಕೊಂಡ ದಾಟಿದ ಮೇಲೆ ಶುರುವಾದ ಸದ್ದು ಅದು. ಬುಸ್ ಅಂತ ಒಂದೇ ಸಮನೆ. ಜೋರಾಗಿ ಓಡುವಾಗ ಕೇಳುತ್ತಿರಲಿಲ್ಲ, ನಿಧಾನ ಮಾಡಿದರೆ ಸಾಕು, ಬಾನೆಟ್ಟಿನ ಕೆಳಗಿಂದ ಹೊರಡುತ್ತಿತ್ತು. ಎಂಬತ್ತರ ದಶಕದ ಮಾತು. ಹಿಂದೂಪುರದಲ್ಲಿ ನಾನೊಂದು ಹಳೆಯ ಅಂಬಾಸಿಡರನ್ನು ಬಾಡಿಗೆಗೆ ಓಡಿಸುತ್ತಿದ್ದೆ. ಅಪ್ಪನ ಹಾಗೆ ಮಗ್ಗದ ಮುಂದೆ ಕೂರಲಾರೆ ಎಂದು ಹಟ ಮಾಡಿ ಸ್ಟಿಯರಿಂಗ್ ಹಿಡಿದವನು ನಾನು. ಅಷ್ಟರಲ್ಲಿ ಸ್ಟಿಯರಿಂಗೂ ಸಾಕುಸಾಕಾಗಿತ್ತು. ಹಿಂದಿನ ದಿನವೆಲ್ಲ ಮದುವೆಯ ಬಾಡಿಗೆ. ಕಣ್ಣು ಉರಿಯುತ್ತಿತ್ತು, ಸೊಂಟ ನನ್ನ ಮಾತು ಕೇಳುತ್ತಿರಲಿಲ್ಲ.

ಅವತ್ತಿನದು ಬಾಡಿಗೆಯಲ್ಲ. ಕಲ್ಯಾಣದುರ್ಗಕ್ಕೆ ಕೊಟ್ಟಿದ್ದ ತಂಗಿಯನ್ನು ಹೆರಿಗೆಗೆ ಕರೆತರಬೇಕಿತ್ತು. ಅವಳ ಮೊದಲ ಬಸಿರು ನಿಂತಿರಲಿಲ್ಲ. ಈ ಸಲ ಅಮ್ಮನ ಹತ್ತಿರವೇ ಹೆರುತ್ತೇನೆ ಎಂದು ಊರಿಗೆ ಬರುವವರ ಬಳಿಯೆಲ್ಲ ಹೇಳಿ ಕಳಿಸುತ್ತಿದ್ದಳು. ಮಾರನೆಯ ದಿನದಿಂದ ಆಷಾಢ. ಆಷಾಢದಲ್ಲಿ ಬಸುರಿಯನ್ನು ಕಳಿಸುವುದಿಲ್ಲ ಎಂಬುದು ಅವಳ ಅತ್ತೆಯ ಪಟ್ಟು. ಅದು ಕಳೆಯುವ ಹೊತ್ತಿಗೆ ದಿನ ತುಂಬಿ ಪ್ರಯಾಣವೇ ಆಗದ ಮಾತು. ಹಾಗಾಗಿ ಬುಸುಗುಡುವ ಕಾರನ್ನೇ ಹೊಡೆದುಕೊಂಡು ಹೋಗಿ ಅವರ ಮನೆ ಮುಂದೆ ನಿಲ್ಲಿಸಿದೆ.

ಊಟಕ್ಕೆ ಏಳುವ ಮೊದಲೇ ಅಲ್ಲಿನ ಮೆಕ್ಯಾನಿಕ್ಕನ್ನು ಕರೆಸಿದೆ. ಅವನು ಬಾನೆಟ್ ಎತ್ತಿ, ಕಿವಿಗೊಟ್ಟು, ಬೀದಿಗೆಲ್ಲ ಕೇಳುವ ಹಾಗೆ ತೆಲುಗಿನಲ್ಲಿ ಹೇಳಿದ: "ಇಂಜಿನ್‌ಕಿ ಗಾಲಿ ಪಟ್ಟಿಂದನ್ನಾ!"

ಇಂಜಿನ್ನಿಗೆ ಗಾಳಿ ಹಿಡಿದಿದೆ ಎಂದ; ಗಾಳಿಗೆ ತೆಲುಗಿನಲ್ಲಿ ಗಾಲಿ ಅನ್ನುತ್ತಾರೆ. ಎಲ್ಲೋ ಸಂದಿನಲ್ಲಿ ಇಂಜಿನ್ನು ಹೊರಗಿನ ಗಾಳಿ ಎಳೆದುಕೊಳ್ಳುತ್ತಿದೆ ಎಂದು ಅವನ ಅರ್ಥ. ಸರಿಯಾಗೇ ಹೇಳಿದ್ದ. ಆದರೆ ನಮ್ಮ ಕಡೆ ಗಾಳಿ ಹಿಡಿಯುವುದೆಂದರೆ ದೆವ್ವ ಮೆಟ್ಟಿಕೊಳ್ಳುವುದೂ ಹೌದು. ಜಗಲಿಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದ ತಂಗಿಯ ಅತ್ತೆ ಮೊರ ಪಕ್ಕಕ್ಕಿಟ್ಟು ಎದ್ದೇ ಬಿಟ್ಟರು.

"ಗಾಳಿ ಹಿಡ್ದಿರೋ ಕಾರ್ನಾಗೆ ಬಸ್ರಿ ಹೆಂಗ್ಸನ್ನ ಕೂರುಸ್ತೀಯೇನಪ್ಪ? ನಾನು ಕಳ್ಸಾಕಿಲ್ಲ ಕಣಪ್ಪ."

ನನಗೆ ವಾದ ಮಾಡುವ ತ್ರಾಣವಿರಲಿಲ್ಲ. ಸುಳ್ಳೊಂದು ಹೊಳೆಯಿತು. "ಅವ್ನು ಅಂದಿದ್ದು ಗಾಲಿ ಅತ್ತೆಮ್ಮ. ಗಾಲಿ, ಚಕ್ರ!"

"ಚಕ್ರ ನೋಡಾಕೆ ಕಾರ್ ಮೂತಿ ಯಾಕೆ ಎತ್ತಿದ್ರಿ? ನಂಗೇನು ತೆಲುಗು ಬರಾಕಿಲ್ವಾ?"

ಮೆಕ್ಯಾನಿಕ್ ನಕ್ಕ. ನನಗೆ ಅವನ ಮೇಲೆ ಕೆಟ್ಟ ಕೋಪ ಬಂತು. ಇಂಜಿನ್ನಿಗೂ ಕಾರ್ಬುರೇಟರಿಗೂ ನಡುವಿನ ಪ್ಯಾಕಿಂಗ್ ಹೋಗಿದೆ, ಅನಂತಪುರದಿಂದಲೇ ತರಿಸಬೇಕು ಎಂದ. ಆ ಸಂದಿಗೆ ಎಣ್ಣೆ ಬಿಡು ನೋಡೋಣ ಅಂದೆ. ಗಾಳಿ ಅಲ್ಲಿ ನುಗ್ಗುತ್ತಿದ್ದರೆ ಎಣ್ಣೆಯನ್ನೂ ಎಳೆದುಕೊಂಡು ಸದ್ದು ಬದಲಾಗಬೇಕು. ಬದಲಾಗಲಿಲ್ಲ. ಆಮೇಲೆ ಒಂದು ರಬ್ಬರ್ ಪೈಪನ್ನು ಸರದಿಯ ಮೇಲೆ ಕಿವಿಗಿಟ್ಟುಕೊಂಡು, ಇನ್ನೊಂದು ತುದಿಯನ್ನು ಬಿಸಿ ಇಂಜಿನ್ನಿನ ಮೂಲೆಮೂಲೆಗೆ ಆಡಿಸುತ್ತ ಹೋದೆವು. ಬೆವರು ಕಣ್ಣಿಗಿಳಿಯುತ್ತಿತ್ತು. ಕಾರ್ಬುರೇಟರಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ಕೊಳವೆಯ ಹತ್ತಿರ ಸದ್ದು ಕಿವಿಗೆ ರಪ್ಪನೆ ಹೊಡೆಯಿತು. ಕೊಳವೆಯ ತುದಿಯ ರಬ್ಬರ್ ತಳಭಾಗದಲ್ಲಿ ಸೀಳಿಹೋಗಿತ್ತು. ಬೆರಳಿನಿಂದ ಒತ್ತಿದೆ. ಬುಸ್ ನಿಂತಿತು. ಬಿಟ್ಟೆ, ಮತ್ತೆ ಬುಸ್.

ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, ಮೇಲೆ ದಾರ ಬಿಗಿದೆ. ಮಗ್ಗ ಬಿಟ್ಟು ಓಡಿದವನ ಕೈಗೆ ಗಂಟು ಹಾಕುವುದು ಮರೆತಿರಲಿಲ್ಲ. ಇಂಜಿನ್ ಸುಮ್ಮನೆ, ಸಮನಾಗಿ ಆಡತೊಡಗಿತು.

"ನೋಡಿ ಅತ್ತೆಮ್ಮ, ಹೋಯ್ತು."

"ಸದ್ದು ಹೋಯ್ತು. ಗಾಳಿ ಹೋಯ್ತು ಅಂತ ಯಾರ್ ಹೇಳ್ದೋರು? ಒಳಗೆ ಸುಮ್ಕೆ ಕುಂತಿದ್ರೆ?"

ನಾನು ಮಡ್‌ಗಾರ್ಡಿಗೆ ಒರಗಿ ಕಣ್ಣು ಮುಚ್ಚಿದೆ. ಬಿಸಿಲು ಇಳಿಯುತ್ತಿತ್ತು. ತಂಗಿ ಹೊಸ್ತಿಲಲ್ಲಿ ಬ್ಯಾಗು ಹಿಡಿದು ನಿಂತಿದ್ದಳು. ಬ್ಯಾಗನ್ನು ಮೆಲ್ಲಗೆ ಒಳಕ್ಕೆ ಸರಿಸಿದಳು.

ಅತ್ತೆಯೂ ಅದನ್ನು ನೋಡಿದರು. ಜಗಲಿ ಇಳಿದು ಬಂದು, ಹಿಂದಿನ ಸೀಟಿನಲ್ಲಿ ಕೂತರು.

"ಸೆಟ್ಟೂರು ದಾರೀನಾಗೆ ಒಸಿ ದೂರ ಓಡ್ಸು."

ಪರೀಕ್ಷೆಗೆ ಬರುತ್ತಿದ್ದಾರೆ, ಇನ್ನೊಂದು ತಕರಾರು ಹುಡುಕುತ್ತಾರೆ ಎಂದೇ ನನಗೆ ಅನ್ನಿಸಿತು. ಊರು ಮುಗಿದ ಮೇಲೆ ಕನ್ನಡಿಯಲ್ಲಿ ನೋಡಿದರೆ ಕಣ್ಣು ಬಿಗಿಯಾಗಿ ಮುಚ್ಚಿ, ಸೀಟಿನ ಅಂಚು ಹಿಡಿದು, ತುಟಿ ಅಲ್ಲಾಡಿಸುತ್ತಿದ್ದರು. ಬಯಲಿನಲ್ಲಿ ತಿರುಗಿಸಿಕೊಂಡು ವಾಪಸು ಬಂದೆವು.

"ಏನಾರ ಇತ್ತಾ ಅತ್ತೆಮ್ಮ?" ಎಂದು ಕುಹಕವಾಗಿಯೇ ಕೇಳಿದೆ.

"ಇದ್ದಿದ್ರೆ ನನ್ನ ಹಿಡ್ಕಂಡಿರ್ತದೆ ಬಿಡಪ್ಪ. ನಂದೆಲ್ಲ ಆಯ್ತಲ್ಲ. ಈಗ ಕಾರು ಖಾಲಿ. ಅವ್ಳನ್ನ ಕರ್ಕಂಡ್ ಹೋಗು."

ನನಗೆ ತಿರುಗಿ ಅವರ ಮುಖ ನೋಡಲಾಗಲಿಲ್ಲ. ತಂಗಿ ಬ್ಯಾಗು ತಂದಿಟ್ಟು, ಕಷ್ಟಪಟ್ಟು ಬಗ್ಗಿ, ಕಾರಿನಿಂದ ಇಳಿದು ನಿಂತ ಅತ್ತೆಯ ಕಾಲು ಮುಟ್ಟಲು ಹೋದಳು. ಅವರು ಥಟ್ಟನೆ ಹಿಂದೆ ಸರಿದರು.

"ಮುಟ್ಬ್ಯಾಡ ಕಣಮ್ಮ. ನಾನಿನ್ನೂ ತಲೆಗೆ ನೀರು ಹಾಕ್ಕಂಡಿಲ್ಲ."