ಯಾರೂ ಸಾಯದ ಸೇತುವೆ

ರಸ್ತೆ ಇಲಾಖೆಯಲ್ಲಿ ಅವಳನ್ನು ಎಲ್ಲರೂ ಎಣಿಕೆಯಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಅವಳು ಮಾಡಿದ್ದು ಒಂದೇ ಕೆಲಸ. ರಸ್ತೆಬದಿಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು, ಬೆಳಗಿನಿಂದ ಸಂಜೆಯವರೆಗೆ ಹೋಗಿಬರುವ ಲಾರಿ, ಬಸ್ಸು, ಬೈಕುಗಳನ್ನು ಎಣಿಸುವುದು. ಆ ಎಣಿಕೆ ಯೋಜನಾ ವಿಭಾಗಕ್ಕೆ ಹೋಗುತ್ತಿತ್ತು. ಅಲ್ಲಿ ಪ್ರತಿ ರಸ್ತೆಗೂ ಅಂಕ ಹಾಕುತ್ತಿದ್ದರು: ವಾಹನ ಎಷ್ಟು, ಅಪಘಾತ ಎಷ್ಟು, ಸತ್ತವರು ಎಷ್ಟು. ಹೆಚ್ಚು ಅಂಕ ಬಂದ ಕಾಮಗಾರಿ ಮೊದಲು. ಕೇಳುವುದಕ್ಕೆ ನ್ಯಾಯವಾಗಿಯೇ ಇತ್ತು. ಆದರೆ ಆ ವಿಭಾಗದ ಮಹಾಶಯರು ರಸ್ತೆ ನೋಡುತ್ತಿದ್ದದ್ದು ಕಾರಿನ ಹಿಂದಿನ ಸೀಟಿನಿಂದ, ಅದೂ ಎಚ್ಚರವಿದ್ದರೆ.

ಅವಳ ಅಕ್ಕನ ಮನೆ ಕಾಲುವೆಯ ಮೇಲಿನ ಒಂದು ಇಕ್ಕಟ್ಟು ಸೇತುವೆಯ ಪಕ್ಕದಲ್ಲಿತ್ತು. ತಿರುವಿನಲ್ಲಿದ್ದ ಸೇತುವೆ, ಎದುರಿನ ಗಾಡಿ ಹತ್ತಿರ ಬರುವ ತನಕ ಕಾಣದು. ಶಾಲೆಯ ಮಕ್ಕಳಿಗೂ ಅದೇ ದಾರಿ. ನಿವೃತ್ತ ಬಸ್ ಚಾಲಕನಾದ ಭಾವ ದಿನಕ್ಕೆ ಎರಡು ಹೊತ್ತು ಕೆಂಪು ಬಟ್ಟೆ ಹಿಡಿದು ಅಲ್ಲಿ ನಿಂತು ಗಾಡಿ ತಡೆಯುತ್ತಿದ್ದ. ಯಾರೂ ನೇಮಿಸಿದ್ದಲ್ಲ, ಯಾರೂ ಬೇಡವೆಂದಿದ್ದೂ ಇಲ್ಲ.

ಆ ವರ್ಷದ ಕಾಮಗಾರಿ ಪಟ್ಟಿಯಲ್ಲಿ ಈ ಸೇತುವೆ ಅಗಲ ಮಾಡುವ ಕೆಲಸಕ್ಕೆ ತೊಂಬತ್ತೊಂದನೆಯ ಸ್ಥಾನ ಬಂತು. ಎಣಿಕೆಯಕ್ಕ ಯೋಜನಾಧಿಕಾರಿಯ ಕೋಣೆಗೆ ಹೋಗಿ ಕೇಳಿದಳು. ಆತ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, "ಅಪಘಾತದ ಕಾಲಂ ನೋಡಮ್ಮ. ಸೊನ್ನೆ. ಒಂದು ಸಾವೂ ಇಲ್ಲ. ನಾನೇನ್ ಮಾಡ್ಲಿ?" ಎಂದ.

"ಸಾವಾಗದೆ ಇರೋದು ನಮ್ ಭಾವ ನಿಂತಿರೋದ್ರಿಂದ ಸಾರ್."

"ಹಂಗಾದ್ರೆ ಸಮಸ್ಯೆ ಬಗೆಹರಿದಿದೆಯಲ್ಲ!"

ಅವಳಿಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಬಿಸಿಲಲ್ಲಿ ಕೂತು ತಾನು ಎಣಿಸಿದ್ದು ಇಂಥ ತಲೆಗಳಿಗಾಗಿಯೇ! ಹದಿನಾಲ್ಕು ದಿನ ರಜೆ ಹಾಕಿ, ಕುರ್ಚಿಯನ್ನು ಸೇತುವೆ ಬಳಿಗೇ ಒಯ್ದಳು. ಭಾವ ತಡೆಯದಿದ್ದರೆ ಡಿಕ್ಕಿಯಾಗುತ್ತಿದ್ದ ಸಂದರ್ಭಗಳನ್ನಷ್ಟೇ ಬರೆದುಕೊಂಡಳು. ಅರವತ್ತಮೂರು.

ಪಟ್ಟಿಯ ಬಗ್ಗೆ ಜನರ ಅಹವಾಲು ಕೇಳುವ ಸಭೆಯಲ್ಲಿ ಅದನ್ನು ಎದ್ದುನಿಂತು ಓದಿದಳು. ಅಧಿಕಾರಿ ಹಣೆ ಗಂಟಿಕ್ಕಿದ. "ಆಗದೇ ಇರೋ ಅಪಘಾತಕ್ಕೆ ನಮೂನೆಯಲ್ಲಿ ಕಾಲಂ ಇಲ್ಲ."

"ಇಲ್ಲದಿದ್ರೆ ಒಂದು ಗೆರೆ ಎಳೀರಿ ಸಾರ್. ಸ್ಕೇಲು ಬೇಕಾದ್ರೆ ನಾನ್ ಕೊಡ್ತೀನಿ."

ಸಭೆ ಗೊಳ್ಳೆಂದಿತು. ಇಲಾಖೆ ಜನರ ಮೂಗಿಗೆ ತುಪ್ಪ ಸವರಲು, ಮುಂದಿನ ವಾರ ಸೇತುವೆಯ ತುದಿಯಲ್ಲಿ 'ನಿಧಾನವಾಗಿ ಚಲಿಸಿ' ಎಂಬ ದೊಡ್ಡ ಫಲಕ ನೆಟ್ಟಿತು. ಸರಿಯಾಗಿ ಭಾವ ಎದುರಿನ ಗಾಡಿ ನೋಡುವ ಜಾಗಕ್ಕೇ ಅಡ್ಡ! ಅಕ್ಕ, ತಂಗಿ, ಭಾವ ಮೂವರೂ ಸೇರಿ ಅದನ್ನು ಕಿತ್ತು ಹತ್ತಡಿ ಆಚೆ ನೆಟ್ಟರು. ಸರ್ಕಾರಿ ಆಸ್ತಿಗೆ ಕೈಹಾಕಿದ್ದಕ್ಕೆ ಎಣಿಕೆಯಕ್ಕನಿಗೆ ನೋಟಿಸು ಬಂತು, ಹಿಂದೆಯೇ ಕಡತದ ಕೋಣೆಗೆ ವರ್ಗ. "ಧೂಳಾದ್ರೂ ಮಾತಾಡಲ್ಲ, ನೆಮ್ಮದಿ," ಎಂದಳು.

ಅದಾದ ಎರಡನೆಯ ವರ್ಷ ಸೇತುವೆ ಅಗಲವಾಯಿತು. ಅವಳ ಎಣಿಕೆಯಿಂದಲ್ಲ. ಪಟ್ಟಿಯ ಮೊದಲನೆಯ ಕಾಮಗಾರಿಯಾದ ಮೇಲ್ಸೇತುವೆ ಜಮೀನಿನ ವ್ಯಾಜ್ಯದಲ್ಲಿ ಸಿಕ್ಕಿಬಿತ್ತು; ವರ್ಷ ಮುಗಿಯುವುದರೊಳಗೆ ಅನುದಾನ ಖರ್ಚಾಗದಿದ್ದರೆ ವಾಪಸು ಹೋಗುತ್ತಿತ್ತು. ಬೇಗ ಮುಗಿಯುವ ಸಣ್ಣ ಕೆಲಸ ಹುಡುಕಿದಾಗ ಇದು ಕೈಗೆ ಸಿಕ್ಕಿತು. ಉದ್ಘಾಟನೆಯ ದಿನ ಅದೇ ಅಧಿಕಾರಿ ಮೈಕಿನಲ್ಲಿ 'ವೈಜ್ಞಾನಿಕ ಆದ್ಯತೆ' ಎಂದು ಅರ್ಧ ಗಂಟೆ ಕೊರೆದ. ಅಕ್ಕನ ಅಡುಗೆಮನೆಯ ಕಿಟಕಿಗೆ ಅದೆಲ್ಲ ಕೇಳಿಸುತ್ತಿತ್ತು. ಎಣಿಕೆಯಕ್ಕ ಕಿಟಕಿ ಮುಚ್ಚಿ ಬಂದಳು.

ಒಳಗಿನ ಕೋಣೆಯಲ್ಲಿ ಭಾವ ಮುಖ ಊದಿಸಿಕೊಂಡು ಕೂತಿದ್ದ. ಅಗಲ ಸೇತುವೆಗೆ ಕಾವಲುಗಾರ ಬೇಕಿರಲಿಲ್ಲ.

"ಇನ್ಮೇಲೆ ಇವ್ರು ದಿನವಿಡೀ ನನ್ನ ಅಡುಗೆಗೆ ಅಂಕ ಹಾಕ್ತಾರೆ, ನೋಡ್ತಿರು," ಎಂದು ಅಕ್ಕ ಗೊಣಗಿದಳು.