ಬಾಪನ ನಮಾಝಿನ ಚಾಪೆ

ನಮ್ಮ ಬಾಪ, ಅಂದರೆ ತಂದೆ, ವಾಮದಪದವಿನಲ್ಲಿ ನಲವತ್ತು ವರ್ಷ ಜಿನಸಿನ ಅಂಗಡಿ ನಡೆಸಿದವರು. ಊರವರ ಕಾಯಿಲೆಗೆಲ್ಲ ಮದ್ದು ಹೇಳುತ್ತಿದ್ದ ಅವರು, ತಮ್ಮ ಮೂತ್ರದಲ್ಲಿ ರಕ್ತ ಕಂಡಾಗ ಮಾತ್ರ ಉಷ್ಣ ಎಂದುಕೊಂಡು ಆರು ತಿಂಗಳು ಬಾರ್ಲಿ ನೀರು ಕುಡಿದರು. ಬಾಯಿ ಬಿಡಲಿಲ್ಲ. ನಮಗೆ ಗೊತ್ತಾಗುವಾಗ ಮೂತ್ರಕೋಶದ ಕ್ಯಾನ್ಸರ್ ಮೂಳೆಗೂ ಹರಡಿತ್ತು. ಆ ಸಿಟ್ಟು ನನಗೆ ಇನ್ನೂ ಇದೆ.

ಮತ್ತೆ ಅಲೆದಾಟ. ಮೂತ್ರದ ಡಾಕ್ಟರು ಒಂದು ಕಡೆ, ಕ್ಯಾನ್ಸರಿನ ಡಾಕ್ಟರು ಇನ್ನೊಂದು ಕಡೆ, ನೋವಿನ ಮದ್ದಿಗೆ ಮಗದೊಂದು ಕಡೆ. ಎಲ್ಲ ಕಡೆಯೂ ನಾನು ಮೊದಲಿನಿಂದ ಕಥೆ ಹೇಳಬೇಕು. ಕೊನೆಗೆ ಮೂತ್ರಕ್ಕೆ ನಳಿಗೆ ಹಾಕಿ, ತೊಡೆಗೆ ಚೀಲ ಕಟ್ಟಿ ಮನೆಗೆ ಕಳುಹಿಸಿದರು. ಅಂದಿನಿಂದ ಬಾಪ ಮಾತು ಬಿಟ್ಟರು, ಊಟವೂ ಸೇರಲಿಲ್ಲ. ನೋವಿರಬೇಕು ಎಂದು ನಾನು ಮಾತ್ರೆ ಕೊಡುತ್ತಿದ್ದೆ.

ಇಂಥ ರೋಗಿಗಳ ಮನೆಗೇ ಬಂದು ನೋಡುವ ನರ್ಸ್ ಒಬ್ಬರು ಬಂದರು, ಬೆಳುವಾಯಿಯವರು. ನಮ್ಮ ಚೀಟಿ, ವರದಿಗಳನ್ನೆಲ್ಲ ನೆಲದ ಮೇಲೆ ಹರಡಿ, ಹೊಸ ನೋಟ್‌ಬುಕ್ ತೆರೆದರು. ನಾನು ರೋಗದ ಹೆಸರು ಹೇಳಹೊರಟರೆ ತಡೆದರು.

"ಅದು ಆಮೇಲೆ ಬರೀತೇನೆ. ಅಜ್ಜಾ, ನಿಮಗೆ ಎಲ್ಲಕ್ಕಿಂತ ಜಾಸ್ತಿ ಬೇಜಾರು ಎಂತ?"

ಬಾಪ ಗೋಡೆಯತ್ತ ತಿರುಗಿದರು. "ನಮಾಝ್ ಹೋಯ್ತು ಸಿಸ್ಟರ್. ಈ ಗಲೀಜು ಕಟ್ಟಿಕೊಂಡು ಅಲ್ಲಾಹನ ಎದುರು ಹೇಗೆ ನಿಲ್ಲುವುದು?"

ಮೂರು ಆಸ್ಪತ್ರೆಗಳಲ್ಲಿ ಯಾರೂ ಕೇಳದ ಪ್ರಶ್ನೆ. ಒಂದೇ ಸೂರಿನಡಿ ಇರುವ ಮಗಳು ನಾನೂ ಕೇಳಿರಲಿಲ್ಲ. ನಾಚಿಕೆಯಾಯಿತು.

"ಅದು ನಾನು ಹೇಳುವ ವಿಷಯ ಅಲ್ಲ. ನಿಮ್ಮ ಉಸ್ತಾದರನ್ನು ಕೇಳುವ" ಎಂದು ನರ್ಸ್ ನನ್ನಿಂದ ಅಲ್ಲೇ ಫೋನ್ ಮಾಡಿಸಿದರು. ಮಸೀದಿಯ ಉಸ್ತಾದರು ಸಂಜೆ ಮನೆಗೇ ಬಂದರು.

"ಕಾಯಿಲೆಯವರಿಗೆ ರಿಯಾಯಿತಿ ಉಂಟು. ನಮಾಝಿನ ಹೊತ್ತಾದ ಮೇಲೆ ಚೀಲ ಖಾಲಿ ಮಾಡಿ, ಪ್ರತಿ ನಮಾಝಿಗೂ ಹೊಸದಾಗಿ ಕೈಕಾಲು ತೊಳೆದು ವುಝೂ ಮಾಡಿ. ಕೂತೇ ಮಾಡಿದರೆ ಸಾಕು. ಇಷ್ಟು ದಿನ ಯಾಕೆ ಕೇಳಲಿಲ್ಲ ಮಾರಾಯ್ರೇ?"

ಆ ರಾತ್ರಿ ಬಾಪ ಎರಡು ತುತ್ತು ಗಂಜಿ ಹೆಚ್ಚು ಉಂಡರು.

ನೋಟ್‌ಬುಕ್ಕಿನ ಮೊದಲ ಸಾಲು, "ನಮಾಝ್ ತಪ್ಪಬಾರದು." ಕೆಳಗೆ ರೋಗ, ಮದ್ದು, ನರ್ಸ್ ಅವರ ಫೋನ್ ನಂಬರು. ಆಮೇಲೆ ಎಲ್ಲಿಗೆ ಹೋದರೂ ನಾನು ಕಥೆ ಹೇಳಲಿಲ್ಲ, ಪುಸ್ತಕ ಕೊಟ್ಟೆ. ನಳಿಗೆ ಬದಲಿಸಲು ಬಂಟ್ವಾಳಕ್ಕೆ ಹೋದಾಗ ಡಾಕ್ಟರು ಅದನ್ನು ಓದಿ ಗಡಿಯಾರ ನೋಡಿದರು.

"ಮಧ್ಯಾಹ್ನದ ನಮಾಝ್ ಮುಗಿಸಿ ಬನ್ನಿ. ನಾನು ಕಾಯ್ತೇನೆ."

ಬಾಪ ಗುಣವಾಗಲಿಲ್ಲ. ಆಗುವುದಿಲ್ಲ ಎಂದು ನರ್ಸ್ ಮೊದಲೇ ಮೆಲ್ಲಗೆ ತಿಳಿಸಿದ್ದರು, ಅದಕ್ಕೂ ನಾನು ಋಣಿ. ಕೊನೆಯ ದಿನ ಸಂಜೆ ಬಾಪ ನಮಾಝಿನ ಚಾಪೆಯತ್ತ ಕೈ ತೋರಿಸಿದರು. ಏಳಲು ಆಗುತ್ತಿರಲಿಲ್ಲ. ಚೀಲ ಖಾಲಿ ಮಾಡಿ, ಕೈಕಾಲು ತೊಳೆಸಿ, ಚಾಪೆಯನ್ನು ಮಂಚದ ಮೇಲೇ ಹಾಸಿದೆ. ಮಲಗಿದಲ್ಲೇ ನಮಾಝ್ ಮುಗಿಸಿ ಪಿಸುದನಿಯಲ್ಲಿ ಎಲ್ಲರಿಗಾಗಿ ಬೇಡಿಕೊಂಡರು. ಬೆಳುವಾಯಿಯ ಆ ಹೆಂಗಸಿನ ಹೆಸರು ನನ್ನ ಹೆಸರಿಗಿಂತ ಮೊದಲು ಬಂತು. ನನಗೆ ಸಿಟ್ಟು ಬರಲಿಲ್ಲ.