ಮೈ ಸಾಲದ ಆಟಗಾರ

ಆದರೆ ಗುಂಡು ಎತ್ತು ಎಂದವನು ನಾನೇ ಎಂಬುದು ಅಷ್ಟು ಖಚಿತವೇ? ಹನ್ನೊಂದು ವರ್ಷಗಳಿಂದ ಖಚಿತವೆಂದೇ ನಂಬಿಕೊಂಡು ಬಂದಿದ್ದೇನೆ. ನಮ್ಮೂರು ಇಂಡಿಯ ತಾಲೀಮು, ಎಂದರೆ ಗರಡಿಮನೆ, ಸಂಜೆ, ಮೆತ್ತಗೆ ಹದ ಮಾಡಿದ ಕೆಂಪು ಮಣ್ಣು, ಮೂಲೆಯಲ್ಲಿ ತಲೆತಲಾಂತರದ ಕೈ ಸವರಿ ನುಣುಪಾದ ಉರುಟು ಕಲ್ಲು, ಅದೇ ಗುಂಡು, ಅದರ ಮುಂದೆ ಪರಸು, ಅವನ ಹಿಂದೆ ನಾನು. ಈ ಚಿತ್ರ ಎಷ್ಟು ಚೆನ್ನಾಗಿ ಜೋಡಿಸಿಟ್ಟಂತಿದೆ ಎಂದರೆ ಆ ಕಾರಣಕ್ಕೇ ನನಗೆ ಅನುಮಾನ. ನಿನ್ನೆ ತಿಂದ ಪಲ್ಯ ಯಾವುದೆಂದು ಕೇಳಿದರೆ ಹೆಂಡತಿಯ ಮುಖ ನೋಡುವವನು ನಾನು. ನನಗೆ ಹನ್ನೊಂದು ವರ್ಷದ ಹಿಂದಿನ ಮಣ್ಣಿನ ಬಣ್ಣ ನೆನಪಿದೆ ಎಂದರೆ ನೀವು ನಂಬಬೇಡಿ. ಸಂಜೆ ಎಂದೆನಲ್ಲ, ಅದು ಬೆಳಗ್ಗೆಯೂ ಇರಬಹುದು. ಪಶ್ಚಾತ್ತಾಪಕ್ಕೆ ಸಂಜೆ ಚೆನ್ನಾಗಿ ಒಪ್ಪುತ್ತದೆ ಎಂದು ಬಂದಿರಬೇಕು.

ಪರಸು ನನ್ನ ಗೆಳೆಯ. ಅಗರಖೇಡದವನು, ಒಂದು ಕಾಲಕ್ಕೆ ಸಂಬಳ ಪಡೆದು ಹಾಕಿ ಆಡುತ್ತಿದ್ದವನು. ಆ ಕಲ್ಲು ಎತ್ತಿದ ಮೇಲೆ ಅವನ ಮೊಣಕಾಲು ಹೋಯಿತು, ಅದರ ಬೆನ್ನಿಗೇ ಆಟವೂ ಹೋಯಿತು. ಹಾಗಾಗಿ ಎತ್ತು ಎಂದವರು ಯಾರು ಎಂಬುದು ನನಗೆ ಸಣ್ಣ ಪ್ರಶ್ನೆಯಲ್ಲ.

ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಆಟಗಾರನನ್ನು ನೋಡುವ ಕಣ್ಣು ಒಂದೇ: ಪೈಲ್ವಾನರನ್ನು ನೋಡಿ ನೋಡಿ ಪಳಗಿದ ಕಣ್ಣು. ತೋಳು ನೋಡುತ್ತಾರೆ, ತೊಡೆ ನೋಡುತ್ತಾರೆ, ಕುತ್ತಿಗೆ ಇದೆಯೋ ಇಲ್ಲವೋ ನೋಡುತ್ತಾರೆ, ಇಲ್ಲದಿದ್ದರೆ ಒಳ್ಳೆಯದು. ನನಗೆ ಇರಲಿಲ್ಲ. ಆರಡಿ ಎತ್ತರ, ತೊಂಬತ್ತು ಕಿಲೋ ತೂಕದ ನಾನು ತಾಲ್ಲೂಕು ತಂಡದಲ್ಲಿ ಫುಲ್‌ಬ್ಯಾಕ್ ಆಗಿದ್ದೆ. ಚೆಂಡನ್ನು ಜೋರಾಗಿ ಹೊಡೆಯುವುದೊಂದು ಗೊತ್ತಿತ್ತು, ಎಲ್ಲಿಗೆ ಎಂಬುದು ಗೊತ್ತಿರಲಿಲ್ಲ. ಐದಡಿ ಮೂರಂಗುಲದ ಪರಸು ಐವತ್ತಾರು ಕಿಲೋ ಇದ್ದ, ಅದೂ ಊಟ ಮಾಡಿ ನಿಂತರೆ. ಒಮ್ಮೆ ಸಿಂದಗಿಗೆ ಪಂದ್ಯಕ್ಕೆ ಹೋದಾಗ ಸಂಘಟಕರೊಬ್ಬರು ಬಸ್ಸಿನ ಬಾಗಿಲಿಗೇ ಬಂದು ನನ್ನ ಕೊರಳಿಗೆ ಹಾರ ಹಾಕಿದರು. ಆಮೇಲೆ ಪರಸುವಿನ ಕಡೆ ತಿರುಗಿ, "ಏ ತಮ್ಮಾ, ಪೈಲ್ವಾನರ ಬ್ಯಾಗ್ ಹಿಡಕೋ" ಎಂದರು. ಅವನು ಹಿಡಿದುಕೊಂಡ. ನನ್ನ ಬ್ಯಾಗು, ಅವನ ಬ್ಯಾಗು, ಎರಡನ್ನೂ ಹೊತ್ತು ಮೈದಾನದ ತನಕ ನಡೆದ. ಆ ದಿನ ಮೂರು ಗೋಲು ಹೊಡೆದ. ವಾಪಸ್ ಬರುವಾಗ ಬ್ಯಾಗು ನನ್ನ ಹೆಗಲಿಗೆ ಎಸೆದು, "ಪೈಲ್ವಾನರ, ಈಗ ನೀವ್ ಹೊರ್ರಿ" ಎಂದ.

ಮೂರು ಗೋಲು ನಿಜವೇ? ಎರಡಿರಬಹುದು. ಹಾರ ಮಾತ್ರ ನಿಜ. ಅದರ ನೂಲು ಕುತ್ತಿಗೆಗೆ, ಅಂದರೆ ಕುತ್ತಿಗೆ ಇರಬೇಕಾದ ಜಾಗಕ್ಕೆ, ಕಚ್ಚುತ್ತಿತ್ತು.

ಹಾಕಿ ವಿಚಿತ್ರ ಆಟ. ಕಬಡ್ಡಿಯಲ್ಲಿ ಮೈಗೆ ಮೈ ಸಿಗುತ್ತದೆ, ಕುಸ್ತಿಯಲ್ಲಂತೂ ಸಿಗಲೇಬೇಕು. ಹಾಕಿಯಲ್ಲಿ ಸಿಗಬೇಕಾದ್ದು ಚೆಂಡು, ಅದು ನೆಲದ ಮೇಲಿರುತ್ತದೆ. ಎತ್ತರದವನ ತೋಳು ದೂರಕ್ಕೆ ಚಾಚುತ್ತದೆ, ಎದುರಾಳಿಯ ಚೆಂಡು ಕಸಿಯಲು ಅನುಕೂಲ. ಆದರೆ ಆಟದ ಉದ್ದಕ್ಕೂ ಬಾಗಿಯೇ ಓಡಬೇಕಾದ್ದರಿಂದ ಅದರ ಬೆಲೆಯನ್ನು ಸೊಂಟ ಕೊಡುತ್ತದೆ. ಭಾರದವನ ಹೊಡೆತ ಜೋರು, ತಿರುಗುವುದು ನಿಧಾನ. ಪರಸುವಿನಂಥವನು ನೆಲಕ್ಕೆ ಹತ್ತಿರ. ನಮ್ಮ ಕಡೆಯ ಎರೆ ಭೂಮಿ ಬೇಸಿಗೆಯಲ್ಲಿ ಬಿರುಕು ಬಿಟ್ಟಾಗ ಚೆಂಡು ಎಲ್ಲಿ ಪುಟಿಯುತ್ತದೆಂದು ಚೆಂಡಿಗೇ ತಿಳಿಯುವುದಿಲ್ಲ, ಅವನಿಗೆ ತಿಳಿಯುತ್ತಿತ್ತು. ಮುದ್ದೇಬಿಹಾಳದವರು ನನ್ನ ಗಾತ್ರಕ್ಕೆ ಹೆದರಿ ನನ್ನ ಸುತ್ತ ಇಬ್ಬರನ್ನು ನಿಲ್ಲಿಸುತ್ತಿದ್ದರು. ಆ ಇಬ್ಬರು ಬಿಟ್ಟ ಜಾಗದಲ್ಲಿ ಪರಸು ನುಸುಳುತ್ತಿದ್ದ. ತಂಡಕ್ಕೆ ನನ್ನಿಂದಾದ ದೊಡ್ಡ ಉಪಕಾರ ಅದೇ.

ವಿಗ್ರಹ ಕೆತ್ತುವವರಿಗೆ ತಾಳಮಾನ ಎಂಬ ಲೆಕ್ಕವೊಂದಿದೆ. ಮುಖದ ಉದ್ದವನ್ನು ಅಳತೆಗೋಲಾಗಿ ಇಟ್ಟುಕೊಂಡು, ದೇವರ ಮೈ ಇಷ್ಟು ಮುಖದುದ್ದ, ಮನುಷ್ಯರದು ಇಷ್ಟು, ಕುಳ್ಳ ಗಣಗಳದು ಇಷ್ಟು ಎಂದು ನಿಗದಿ ಮಾಡುತ್ತಾರೆ. ನನಗೆ ಇಷ್ಟವಾದ ಸಂಗತಿಯೆಂದರೆ, ಗಣವನ್ನು ಕೆತ್ತಿ ಮುಗಿಸಿದ ಶಿಲ್ಪಿ ಅದು ದೇವರಿಗಿಂತ ಗಿಡ್ಡವಾಯಿತೆಂದು ತಲೆಗೊಂದು ತುಂಡು ಕಲ್ಲು ಅಂಟಿಸುವುದಿಲ್ಲ. ಅದರ ಅಳತೆಗೆ ಅದು ಪೂರ್ತಿ. ಈ ಮಾತು ನನಗೆ ಹೊಳೆದದ್ದು ಈಚೆಗೆ. ಹನ್ನೊಂದು ವರ್ಷದ ಹಿಂದೆ ಹೊಳೆದಿದ್ದರೆ ಈ ಪ್ರಬಂಧವನ್ನು ನೀವು ಓದಬೇಕಾಗುತ್ತಿರಲಿಲ್ಲ.

ಆಗ ಪರಸು ದೂರದ ಊರಿನ ಒಂದು ತಂಡದಲ್ಲಿದ್ದ. ವರ್ಷವರ್ಷಕ್ಕೆ ಕರಾರು. ಎರಡನೆಯ ವರ್ಷದ ಕೊನೆಗೆ ಅಲ್ಲಿನ ಕೋಚು ಅವನನ್ನು ಕರೆದು ಮಾತಾಡಿದ್ದರು. ಒಂದು ತಿಂಗಳ ರಜೆಗೆ ಊರಿಗೆ ಬಂದವನು ನನಗೆ ಹೇಳಿದ:

"ಆಟ ಐತಿ, ಮೈ ಇಲ್ಲ ಅಂದ್ರು ದೋಸ್ತಾ. ಡಿಫೆಂಡರ್ ಬಂದು ಹೆಗಲು ಹಚ್ಚಿದ್ರ ನೀ ಹಾರಿ ಹೋಗ್ತಿ ಅಂದ್ರು. ಬರೋವಾಗ ಐದ್ ಕಿಲೋ ತಗೊಂಡ್ ಬಾ ಅಂದಾರ."

ಇಂಡಿಗೆ ಹೊರಟವರಿಗೆ ಲಿಂಬೆಹಣ್ಣು ತರಲು ಹೇಳಿದ ಹಾಗೆ ಹೇಳಿದ್ದರು. ನಾನೂ ಹಾಗೆಯೇ ತಿಳಿದುಕೊಂಡೆ. ಐದು ಕಿಲೋ ತಾನೇ, ಇಲ್ಲಿ ಸಿಗುತ್ತದೆ, ನನ್ನ ಹತ್ತಿರವೇ ಬೇಕಾದಷ್ಟಿದೆ. ಮೈ ಬೇಕೆಂದರೆ ಎಲ್ಲಿಗೆ ಹೋಗಬೇಕೆಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಮರುದಿನವೇ ಅವನನ್ನು ತಾಲೀಮಿಗೆ, ದಾವಲ್ ವಸ್ತಾದರ ಹತ್ತಿರ ಕರೆದುಕೊಂಡು ಹೋದೆ. ಊರಿನ ಎರಡು ತಲೆಮಾರಿಗೆ ಕುಸ್ತಿ ಕಲಿಸಿದ ಹಿರಿಯರು ಅವರು. ಪರಸುವಿನ ತೋಳು ಹಿಡಿದು ನೋಡಿ, "ಇದು ತೋಳೋ, ನಿಮ್ಮ ಆಟದ ಕೋಲೋ?" ಎಂದರು.

ಹಾಕಿಯವನಿಗೆ ಬೇಕಾದ ಬಲ ಬೇರೆ, ಪೈಲ್ವಾನನಿಗೆ ಬೇಕಾದ ಬಲ ಬೇರೆ ಎಂದು ನಮಗ್ಯಾರಿಗೂ ಹೊಳೆಯಲಿಲ್ಲ. ವಸ್ತಾದರಿಗೆ ಹೊಳೆಯಬೇಕಾಗಿರಲಿಲ್ಲ, ಅವರು ಹಾಕಿ ನೋಡಿದವರಲ್ಲ. ನನಗೆ ಹೊಳೆಯಬೇಕಿತ್ತು.

ಆ ತಿಂಗಳು ಅವನು ತಿಂದದ್ದನ್ನು ಬರೆದರೆ ನಿಮಗೆ ಅಜೀರ್ಣವಾದೀತು. ಸಜ್ಜಿ ರೊಟ್ಟಿಗೆ ಬೆಣ್ಣೆ, ಶೇಂಗಾ ಹೋಳಿಗೆಗೆ ತುಪ್ಪ, ನೆನೆಸಿದ ಬಾದಾಮಿ, ಎಮ್ಮೆ ಹಾಲು. ಅವನವ್ವ ನನ್ನನ್ನು ಕಂಡು, "ಹೋರಿ ಮೇಯಿಸಿದಂಗ ಮೇಯಿಸಾಕತ್ತಿಯಲ್ಲೋ ನನ್ನ ಮಗನ್ನ, ಎಲ್ಲಿ ಮಾರಾಂವ ಅದಿ?" ಎಂದರು. ವಾರಕ್ಕೊಮ್ಮೆ ಲಿಂಬೆ ಪೇಟೆಗೆ ಹೋಗಿ ಚೀಲ ತೂಗುವ ಕಾಟಾದ ಮೇಲೆ ಅವನನ್ನು ನಿಲ್ಲಿಸುತ್ತಿದ್ದೆವು. ಅಲ್ಲಿನ ಹಮಾಲರಿಗೆ ಅದೊಂದು ಮೋಜು. "ಚೀಲದ ತೂಕ ಕಳೀಬೇಕೇನ್ರೀ?" ಎಂದು ಅವನ ಅಂಗಿ ಜಗ್ಗುತ್ತಿದ್ದರು. ಮೂರನೆಯ ವಾರಕ್ಕೆ ನಾಲ್ಕು ಕಿಲೋ ಏರಿದ. ನಾವೆಲ್ಲ ಚಹಾ ಕುಡಿದೆವು. ಅವನು ಕುಡಿಯಲಿಲ್ಲ, ಅವನಿಗೆ ಹಾಲು ತರಿಸಿದೆವು.

ಇನ್ನು ಗುಂಡಿನ ಮಾತು. ಹಿಡಿಕೆಯಿಲ್ಲದ ಉರುಟು ಕಲ್ಲು ಅದು. ಕೂತು ಅಪ್ಪಿಕೊಳ್ಳಬೇಕು, ತೊಡೆಯ ಮೇಲೆ ತಂದುಕೊಳ್ಳಬೇಕು, ಅಲ್ಲಿಂದ ಎದೆಗೆ, ಎದೆಯಿಂದ ಹೆಗಲಿಗೆ. ಹೆಗಲಿಗೆ ಬಂದದ್ದು ಎಲ್ಲರ ಕಣ್ಣಿಗೆ ಬೀಳುತ್ತದೆ. ತೊಡೆಯ ಮೇಲಿದ್ದ ಗಳಿಗೆಯಲ್ಲಿ ಮೊಣಕಾಲು ಏನು ಅನುಭವಿಸುತ್ತದೆ ಎಂಬುದನ್ನು ಯಾರೂ ನೋಡುವುದಿಲ್ಲ. ಅವನು ಹೊರಡುವ ಹಿಂದಿನ ದಿನ ನಾನು "ಎತ್ತು ನೋಡೂಣು" ಎಂದೆ. ಅವನು ಎತ್ತಿದ. ತೊಡೆಗೆ ಬಂತು. ಚಟ್ ಎಂಬ ಸಪ್ಪಳ. ಕಲ್ಲು ಮಣ್ಣಿಗೆ ಬಿತ್ತು. "ಏನಿಲ್ಲ, ಏನಿಲ್ಲ" ಎಂದು ಅವನು ನಕ್ಕ. ನಕ್ಕ ಎಂಬುದನ್ನು ಹೊಡೆದುಹಾಕಬೇಕು. ಮುಖ ಅತ್ತ ತಿರುಗಿತ್ತು, ನಕ್ಕನೋ ಏನೋ ನಾನು ಕಂಡಿಲ್ಲ.

ಮರುದಿನ ಅವನು ಝಳಕಿಯ ಹೆದ್ದಾರಿಯಲ್ಲಿ ಬಸ್ಸು ಹತ್ತಿದ. ಎರಡು ವಾರದ ಮೇಲೆ ಫೋನಿನಲ್ಲಿ, "ಓಡಿದ್ರ ಬ್ಯಾರೆ ಯಾರದೋ ಮೈ ಹೊತ್ಕೊಂಡ್ ಓಡಿದಂಗ ಆಗ್ತೈತಿ" ಎಂದ. ನಾನು ರೂಢಿಯಾಗುತ್ತದೆ ಎಂದೆ. ದೊಡ್ಡ ತಂಡಗಳು ಆಡುವುದು ನೀಲಿ ಬಣ್ಣದ ಕೃತಕ ಹುಲ್ಲುಹಾಸಿನ ಮೇಲೆ. ಅದು ನಮ್ಮ ಎರೆ ಭೂಮಿಯ ಹಾಗೆ ಜಾರಲು ಬಿಡುವುದಿಲ್ಲ, ಬೂಟನ್ನು ಹಿಡಿದುಕೊಳ್ಳುತ್ತದೆ. ಪಾದ ನಿಂತಲ್ಲೇ ನಿಲ್ಲುತ್ತದೆ, ಮೈ ತಿರುಗುತ್ತದೆ, ನಡುವೆ ಸಿಕ್ಕುವುದು ಮೊಣಕಾಲು. ಎರಡನೆಯ ಪಂದ್ಯದಲ್ಲಿ ಯಾರೂ ಮುಟ್ಟದೆ, ತಾನೇ ತಿರುಗುವಾಗ, ಬಿದ್ದ. ಆಪರೇಷನ್ ಆಯಿತು, ವರ್ಷದ ಮೇಲೆ ಮತ್ತೆ ಕೋಲು ಹಿಡಿದ. ನುಸುಳುವುದಕ್ಕೆ ಮೊದಲು ಈಗ ಒಂದು ಕ್ಷಣ ಯೋಚಿಸುತ್ತಿದ್ದ. ಆ ಒಂದು ಕ್ಷಣಕ್ಕೆ ತಂಡ ಕರಾರು ಮುಂದುವರಿಸಲಿಲ್ಲ.

ಈಗ ಪರಸು ಬಸವನ ಬಾಗೇವಾಡಿಯ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಹೋದ ತಿಂಗಳು ನಾನು ಅಲ್ಲಿಗೆ ಹೋದೆ. ಕೆಲಸವಿತ್ತು ಎಂದು ಮನೆಯಲ್ಲಿ ಹೇಳಿದ್ದೆ, ಇರಲಿಲ್ಲ. ಅವನು ಮೈಕಿನಲ್ಲಿ ನಿಡಗುಂದಿಯ ಬಸ್ಸನ್ನು ಕೂಗಿ ಮುಗಿಸಿ ನನ್ನನ್ನು ನೋಡಿದ.

"ಏ ದೋಸ್ತಾ! ಇಂಡಿ ಬಿಟ್ಟು ಇಲ್ಲೀ ತನಕ? ಯಾರ್ದರ ಮದುವಿ ಐತೇನು?"

"ಒಂದ್ ಮಾತ್ ಕೇಳಾಕ ಬಂದೇನಿ."

"ಬಸ್ಸಿನ ಟೈಮ್ ಬಿಟ್ಟು ಏನರ ಕೇಳು. ಮುಂಜಾನಿಂದ ಅದನ್ನ ಹೇಳಿ ಬಾಯಿ ಒಣಗೇತಿ."

ಕೇಳಿದೆ. ಹನ್ನೊಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಒಂದೇ ಉಸಿರಿಗೆ ಕೇಳಿದೆ. ಅವತ್ತು ಗುಂಡು ಎತ್ತು ಅಂದಾವ ನಾನೇನೋ? ಅದರಿಂದಾನ ನಿನ್ನ ಕಾಲು ಹೋತೇನೋ?

ಅವನು ನಕ್ಕ. ಈ ಸಲ ನಕ್ಕದ್ದು ನಾನು ಕಂಡಿದ್ದೇನೆ.

"ಹುಚ್ಚ ಅದಿ ಏನ್ ನೀ? ಎತ್ತು ಅಂತ ಯಾರೂ ಅನ್ನಲಿಲ್ಲ. ನಾನ ಎತ್ತೀನಿ. ಕಾಲು ತಡೀತೈತೋ ಇಲ್ಲೋ ನೋಡಬೇಕಿತ್ತು."

"ಯಾಕ, ಕಾಲಿಗಿ ಏನಾಗಿತ್ತು?"

"ಸೀಸನ್ ಕಡೀಕ ಪೆನಾಲ್ಟಿ ಕಾರ್ನರಿನ್ಯಾಗ ಬಾಲ್ ಬಡದಿತ್ತು. ಗೋಲಿನ ಕಡಿಂದ ಮೊದಲ ಓಡಿ ಅಡ್ಡ ಹೋಗಾಂವ ನಾನ ಅಲಾ, ಸಣ್ಣಾಂವ, ಜಲ್ದಿ ಓಡ್ತಾನ ಅಂತ. ಮೊಣಕಾಲಿಗಿ ಕುಂತಿತು. ಯಾರಿಗೂ ಹೇಳಿದ್ದಿಲ್ಲ."

"ನನಗೂ?"

"ನಿನಗ ಹೇಳಿದ್ರ ತಾಲೀಮಿಗಿ ಕರಕೊಂಡ್ ಹೋಗ್ತಿದ್ದೇನು? ಮೈ ಮಾಡ್ಕೊಂಡ್ ಹೋಗಬೇಕಿತ್ತು ನನಗ."

"ಮತ್ತ ಚಟ್ ಅಂತು?"

"ಏನು ಚಟ್ ಅಂತು?"

ಅವನಿಗೆ ಆ ಸಪ್ಪಳ ನೆನಪಿಲ್ಲ. ಅಥವಾ ಸಪ್ಪಳವೇ ಆಗಿರಲಿಲ್ಲ. ನನಗೆ ಹಗುರವಾಗಬೇಕಿತ್ತು, ಸ್ವಲ್ಪ ಆಯಿತು ಕೂಡ. ಆದರೆ ಹಗುರವಾದ ಕೂಡಲೇ ಅನುಮಾನ. ಪೆಟ್ಟು ತಿಂದ ಮೊಣಕಾಲಿನವನು ತಾಲೀಮಿನಲ್ಲಿ ತಿಂಗಳುದ್ದಕ್ಕೂ ಕೂತು ಎದ್ದು ಬೈಠಕ್ ಹೊಡೆದದ್ದು ಹೇಗೆ? ಇವನು ನನ್ನ ಸಮಾಧಾನಕ್ಕೆ ಹೇಳುತ್ತಿರಬಹುದೇ? ಆ ಬೈಠಕ್‌ಗಳನ್ನಾದರೂ ನಾನು ನೋಡಿದ್ದೆನೇ, ವಸ್ತಾದರು ಹೇಳಿದ್ದೇ? ವಸ್ತಾದರು ತೀರಿಕೊಂಡಿದ್ದಾರೆ, ಕೇಳುವಂತಿಲ್ಲ.

ಚಹಾ ಬಂತು. ಪರಸು ತಾನಾಗಿಯೇ ಮುಂದುವರಿಸಿದ.

"ಆಪರೇಷನ್ ಮಾಡಿದ ಡಾಕ್ಟರು, ಹಳೇದೂ ಐತಿ ಹೊಸಾದೂ ಐತಿ ಅಂದ್ರು. ಊರಿಂದ ತಿರುಗಿ ಬಂದ ಕೂಡ್ಲೆ ತೋರಿಸಿದ್ರ ಇಷ್ಟ್ ಆಗ್ತಿದ್ದಿಲ್ಲ ಅಂದ್ರು."

"ಮತ್ಯಾಕ ತೋರಿಸ್ಲಿಲ್ಲೋ ಮಾರಾಯ? ಟೀಮಿನ್ಯಾಗ ಡಾಕ್ಟರ್ ಇದ್ರಲ್ಲ."

ಅವನು ಕಪ್ಪಿನಿಂದ ಬಸಿಗೆ ಸುರಿದ ಚಹಾ ಊದುತ್ತಿದ್ದ. ಊದುವುದನ್ನು ನಿಲ್ಲಿಸದೆಯೇ ಹೇಳಿದ.

"ನೀನ ಅಂದಿದ್ದಿಯಲ್ಲ. ಝಳಕಿಯಾಗ, ಬಸ್ ಹತ್ತೋವಾಗ, ನಾ ಕುಂಟೂದು ನೋಡಿ. ಕಾಲ್ ನೋವಿನ ಸುದ್ದಿ ಅಲ್ಲಿ ಬಾಯಿ ಬಿಡಬ್ಯಾಡ, ಮೊದಲ ಮೈ ಇಲ್ಲ ಅಂತಾರ, ಕಾಲೂ ಇಲ್ಲ ಅಂದ್ರ ಮನೀಗಿ ಕಳಿಸ್ತಾರ ಅಂತ. ಖರೇನ ಅನಿಸ್ತು ನನಗೂ."

ಸಿಟ್ಟಿರಲಿಲ್ಲ ಮಾತಿನಲ್ಲಿ. ಬಸ್ಸಿನ ಸಮಯ ಹೇಳಿದಷ್ಟೇ ಸಹಜವಾಗಿ ಹೇಳಿ, ಮೇಜಿಗೆ ಕೈಯೂರಿ ಎದ್ದು, ಮುದ್ದೇಬಿಹಾಳದ ಬಸ್ಸನ್ನು ಕೂಗಲು ಮೈಕಿನ ಕಡೆ ಹೋದ.

ಝಳಕಿ ನೆನಪಿದೆ. ಬಸ್ಸು ನೆನಪಿದೆ, ಅವನ ಕೋಲಿನ ಚೀಲ ಬಾಗಿಲಿಗೆ ಸಿಕ್ಕಿಕೊಂಡು ಕಂಡಕ್ಟರು ಬೈದದ್ದೂ ನೆನಪಿದೆ. ಈ ಮಾತು ನೆನಪಿಲ್ಲ. ನಾನು ಆಡದ ಮಾತು ಎನ್ನಲು ಧೈರ್ಯವಿಲ್ಲ, ಏಕೆಂದರೆ ಅದು ನಾನು ಆಡುವಂಥ ಮಾತೇ. ಬೇರೆಯವರ ಮೈಯ ಬಗ್ಗೆ ನಾನು ಕೊಡುವ ಸಲಹೆಗಳೆಲ್ಲ ಅದೇ ದನಿಯಲ್ಲಿರುತ್ತವೆ. ಅವನು ಹೇಳಿದ್ದರೆ ಅಲ್ಲಿನವರು ಕಾಲಿಗೆ ಔಷಧ ಮಾಡಿ ಆಡಿಸುತ್ತಿದ್ದರೋ, ಆವತ್ತೇ ಮನೆಗೆ ಕಳಿಸುತ್ತಿದ್ದರೋ, ನನಗೆ ಗೊತ್ತಿಲ್ಲ. ನಾನು ಹಾಗೆ ಅಂದೆನೋ ಇಲ್ಲವೋ, ಅದೂ ಗೊತ್ತಿಲ್ಲ.